ರಿಮೋಟ್ ಒತ್ತಿದರೆ ಸ್ಟುಡಿಯೋಗೆ ಕೇಳುತ್ತದೆಯೇ?

ಪ್ರಶ್ನೆ: ಗುಡೇಕೋಟೆಯ ನಮ್ಮ ಮನೆಯಿಂದ ಟಿವಿ ಕ್ವಿಜ್‌ಗೆ ರಿಮೋಟಿನಲ್ಲೇ ಉತ್ತರಿಸಬಹುದೇ?

ಉತ್ತರ: ಬರೀ ಡಿಶ್ ಇದ್ದರೆ ಆಗದು. ಮಾಳಿಗೆಯ ಮೇಲಿನ ಆ ಬುಟ್ಟಿಗೆ ಕಿವಿಯುಂಟು, ಬಾಯಿಲ್ಲ. ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹ ಕಳಿಸಿದ್ದನ್ನು ಹಿಡಿಯುತ್ತದೆ, ಅಷ್ಟೆ. 2006ರಲ್ಲಿ ಬಂದ ಟಾಟಾ ಸ್ಕೈ ಎಂಬ ಡಿಶ್ ಸೇವೆ ಆಟ, ಪಾಠಗಳನ್ನೆಲ್ಲ ‘ಆಕ್ಟಿವ್’ ಎಂದು ಮಾರಿತು. ನೀವು ಒತ್ತಿದ್ದಕ್ಕೆ ಓಗೊಡುತ್ತಿದ್ದುದು ಹೆಚ್ಚಾಗಿ ಟಿವಿ ಪಕ್ಕದ ಪೆಟ್ಟಿಗೆಯೇ! ಸ್ಟುಡಿಯೋಗೆ ಉತ್ತರ ಕಳಿಸುವ ಮರುದಾರಿ ಇದ್ದದ್ದು ಫೋನಿನಲ್ಲಿ. 2013ರಲ್ಲಿ ಶುರುವಾದ ಕನ್ನಡದ ಬಿಗ್ ಬಾಸ್‌ಗೆ ಮತ ಬಿದ್ದದ್ದು ಮೊಬೈಲಿನಿಂದ, ರಿಮೋಟಿನಿಂದಲ್ಲ. ದೂರದರ್ಶನದ ಉಚಿತ ಡಿಶ್‌ಗಂತೂ ತಿಂಗಳ ಬಿಲ್ಲೇ ಇಲ್ಲ. ರಿಮೋಟಿನಲ್ಲೇ ಉತ್ತರಿಸುವಂಥ ಹೊಸ ಸೇವೆಗೆ ದುಡ್ಡು ಯಾರ ಹತ್ತಿರ ವಸೂಲಿ ಮಾಡುವುದು? ಈಗ ವ್ಯಾಪಾರವೆಲ್ಲ ಇಂಟರ್ನೆಟ್ ಟಿವಿಯ ಕಡೆಗೆ ಹೊರಳಿದೆ. ಮನೆಗೆ ವೈಫೈ ಬಂದು ಟಿವಿ ಅದಕ್ಕೆ ಸೇರಿಕೊಂಡರೆ ನಿಮ್ಮ ರಿಮೋಟಿಗೂ ಬಾಯಿ ಬರುತ್ತದೆ. ಆಮೇಲೆ ನೀವು ಏನು ನೋಡುತ್ತೀರೆಂಬ ಸುದ್ದಿಯೂ ಅದೇ ದಾರಿಯಲ್ಲಿ ಜಾಹೀರಾತಿನವರ ಕಿವಿಗೆ ಬೀಳಬಹುದು.