ಸೀಸದ ನಳವೂ ಬಡವನ ಮನೆಯೂ

ಊರಿಗೆ ನೀರನ್ನೊದಗಿಸುವುದು ನಗರಸಭೆಯ ಮೊದಲ ಕರ್ತವ್ಯವೆಂಬುದನ್ನು ಅಲ್ಲಗಳೆಯುವವರಿಲ್ಲ. ಆದರೆ ನೀರು ಬೀದಿಯ ದೊಡ್ಡ ಕೊಳವೆಯನ್ನು ಬಿಟ್ಟು ಮನೆಯ ಅಂಗಳವನ್ನು ಹೊಕ್ಕೊಡನೆ ಆ ಕರ್ತವ್ಯವು ಮುಗಿಯಿತೆ? ಅಮೇರಿಕೆಯ ಸಂಯುಕ್ತ ಸಂಸ್ಥಾನಗಳಲ್ಲಿ ಇಂದು ಈ ಪ್ರಶ್ನೆಗೆ ಕೊಡುವ ಉತ್ತರದ ಮೇಲೆ ಲಕ್ಷಾವಧಿ ಮಕ್ಕಳ ಆರೋಗ್ಯವು ನಿಂತಿದೆ.

ಆ ದೇಶದ ಅನೇಕ ಹಳೆಯ ಪಟ್ಟಣಗಳಲ್ಲಿ ಬೀದಿಯಿಂದ ಮನೆಗೆ ನೀರನ್ನೊಯ್ಯುವ ಸಣ್ಣ ನಳಗಳು ಸೀಸದವು. ಹೊಸದಾಗಿ ಸೀಸದ ನಳವನ್ನು ಹಾಕಬಾರದೆಂದು 1986ರಲ್ಲಿ ಕಾನೂನಾಯಿತು. ಅದಾಗಲೇ ಹೂಳಿದ್ದುದನ್ನು ತೆಗೆಯಬೇಕೆಂದು ಆ ಕಾನೂನು ವಿಧಿಸಲಿಲ್ಲ. ಚಿಕಾಗೋ ನಗರವೊಂದರಲ್ಲಿಯೇ ಇಂತಹ ನಳಗಳ ಸಂಖ್ಯೆ ಸುಮಾರು 4 ಲಕ್ಷ. ನೀರಿನಲ್ಲಿ ಕರಗಿದ ಸೀಸಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ಕುದಿಸಿದರೂ ಅದು ಹೋಗದು. ಎಳೆಯ ಮಕ್ಕಳ ಮೆದುಳನ್ನು ಕುಂದಿಸುವ ಈ ವಿಷವು ಇಷ್ಟರವರೆಗೆ ನಿರಪಾಯವೆಂದು ಹೇಳುವ ಮಿತಿಯೇ ವೈದ್ಯಶಾಸ್ತ್ರಕ್ಕೆ ಕಂಡುಬಂದಿಲ್ಲ.

ಮಿಶಿಗನ್ ಪ್ರಾಂತದ ಫ್ಲಿಂಟ್ ಪಟ್ಟಣದ ಕಥೆಯು ಪ್ರಸಿದ್ಧವಾಗಿದೆ. ಅಲ್ಲಿಯ ಜನರಲ್ಲಿ ಹೆಚ್ಚಿನವರು ಕರಿಯರು; ಬಡವರು ಬಹಳ. ಆಗ ಊರಿನ ಆಡಳಿತವು ಚುನಾಯಿತ ಸಭೆಯ ಕೈಯಲ್ಲಿರದೆ, ಪ್ರಾಂತ ಸರಕಾರವು ನೇಮಿಸಿದ ಅಧಿಕಾರಿಯ ಕೈಯಲ್ಲಿದ್ದಿತು. ಖರ್ಚನ್ನು ಉಳಿಸುವುದಕ್ಕಾಗಿ 2014ರ ಏಪ್ರಿಲಿನಲ್ಲಿ ನದಿಯ ನೀರನ್ನು ತಿರುಗಿಸಲಾಯಿತು. ನಳದ ಸವೆತವನ್ನು ತಡೆಯುವ ಔಷಧಿಯನ್ನು ಅದಕ್ಕೆ ಬೆರೆಸಲಿಲ್ಲ. ಸೀಸವು ನೀರಿಗಿಳಿಯಿತು. ಜನರ ಕೂಗನ್ನು ಯಾರೂ ಲೆಕ್ಕಿಸಲಿಲ್ಲ. ಮಕ್ಕಳ ರಕ್ತದಲ್ಲಿ ಸೀಸವು ಹೆಚ್ಚಿದುದನ್ನು 2015ರಲ್ಲಿ ಡಾಕ್ಟರ್ ಮೋನಾ ಹನ್ನಾ-ಅಟೀಶಾ ಅವರು ಅಂಕಿಗಳಿಂದ ತೋರಿಸಿಕೊಟ್ಟ ಮೇಲೆ ಅಧಿಕಾರಿಗಳು ಎಚ್ಚತ್ತರು.

ಹಾಗಾದರೆ ನಳಗಳನ್ನು ಬದಲಿಸಿದರಾಯಿತಲ್ಲವೆ? ತೊಡಕಿರುವುದು ಇಲ್ಲಿಯೇ. ಅನೇಕ ಊರುಗಳಲ್ಲಿ ನಳದ ಬೀದಿಯ ಭಾಗವು ನಗರದ್ದು, ಅಂಗಳದ ಭಾಗವು ಮನೆಯ ಒಡೆಯನದು ಎಂದು ಗೆರೆಯೆಳೆಯಲಾಗಿದೆ. ನಗರವು ತನ್ನ ಭಾಗವನ್ನು ಬದಲಿಸಿ, ಉಳಿದುದಕ್ಕೆ ಒಡೆಯನು ಸಾವಿರಾರು ಡಾಲರು ತೆರಲಿ ಎಂದರೆ ಸಿರಿವಂತನು ತೆರುವನು, ಬಡವನು ಸುಮ್ಮನಾಗುವನು. ಬಾಡಿಗೆದಾರನಿಗಂತೂ ಮಾತೇ ಇಲ್ಲ. ನೀರನ್ನು ಕುಡಿಯುವವನು ಒಬ್ಬ, ನಳದ ಒಡೆಯನು ಮತ್ತೊಬ್ಬ. ಮೇಲಾಗಿ, ಅರ್ಧ ನಳವನ್ನು ಕತ್ತರಿಸಿ ಹೊಸದನ್ನು ಜೋಡಿಸುವಾಗ ಹಳೆಯ ಸೀಸವು ಅಲುಗಾಡಿ ಕೆಲವು ಕಾಲ ಇನ್ನೂ ಹೆಚ್ಚಾಗಿ ನೀರಿಗೆ ಬರುವುದು. ಅರ್ಧ ಸುಧಾರಣೆಯು ಇಲ್ಲಿ ಅಪಕಾರವೇ ಆಗುವುದು.

ಸ್ವಂತ ಆಸ್ತಿಗೆ ಸಾರ್ವಜನಿಕರ ಹಣವೇಕೆ ಎಂದು ಕೆಲವರು ಕೇಳುತ್ತಾರೆ. ನಾವು ಅವರಿಗೆ ಚಿಕಾಗೋವನ್ನು ತೋರಿಸುತ್ತೇವೆ. ಮನೆಯ ನಳವು ಸೀಸದ್ದೇ ಆಗಿರಬೇಕೆಂದು 1986ರವರೆಗೂ ವಿಧಿಸಿದುದು ಆ ನಗರದ ಕಟ್ಟಳೆಯೇ. ಹುಕುಂ ಸರಕಾರದ್ದು, ದಂಡ ಬಡವನಿಗೆ ಎಂಬುದು ಯಾವ ನ್ಯಾಯ?

ಮಾರ್ಗವಿಲ್ಲವೆನ್ನುವಂತಿಲ್ಲ. ವಿಸ್ಕಾನ್ಸಿನ್ನಿನ ಮ್ಯಾಡಿಸನ್ ನಗರವು 2001ರಿಂದ ಸುಮಾರು 8,000 ಸೀಸದ ನಳಗಳನ್ನು ತೆಗೆಸಿತು. ಒಡೆಯರಿಗೆ ಅರ್ಧ ವೆಚ್ಚವನ್ನು 1,000 ಡಾಲರಿನ ಮಿತಿಯೊಳಗೆ ಹಿಂದಿರುಗಿಸಿತು. ನ್ಯೂಜೆರ್ಸಿಯ ನ್ಯೂಅರ್ಕ್ ನಗರದಲ್ಲಿ ಹೆಚ್ಚಿನವರು ಬಾಡಿಗೆದಾರರು. 2019ರಲ್ಲಿ ಜಿಲ್ಲೆಯ ಮೂಲಕ 12 ಕೋಟಿ ಡಾಲರು ಸಾಲವೆತ್ತಿದ ಬಳಿಕ ಯಾರಿಂದಲೂ ಕಾಸನ್ನು ಪಡೆಯದೆ, ಒಡೆಯನು ಸಿಕ್ಕದಿದ್ದರೂ ಕೆಲಸ ಮಾಡುವ ಅಧಿಕಾರವನ್ನು ಕಟ್ಟಳೆಯಿಂದ ಪಡೆದು, ಸುಮಾರು ಮೂರು ವರ್ಷಗಳಲ್ಲಿ 23,000ಕ್ಕೂ ಮೇಲ್ಪಟ್ಟು ನಳಗಳನ್ನು ಬೀದಿಬೀದಿಯಾಗಿ ಬದಲಿಸಿತು.

2021ರಲ್ಲಿ ಕೇಂದ್ರ ಶಾಸನಸಭೆಯು ಈ ಕಾರ್ಯಕ್ಕೆ 1,500 ಕೋಟಿ ಡಾಲರು ಗೊತ್ತುಮಾಡಿತು. 2024ರ ನಿಯಮವು ಬಹುತೇಕ ಊರುಗಳಿಗೆ ಹತ್ತು ವರ್ಷಗಳ ಗಡುವನ್ನು ವಿಧಿಸಿತು. ಆದರೆ ಅಂಗಳದ ಭಾಗಕ್ಕೆ ಹಣ ಯಾರದೆಂಬುದನ್ನು ಆ ನಿಯಮವು ಕಡ್ಡಾಯಗೊಳಿಸಲಿಲ್ಲ. ಈ ಮೌನವೇ ಅನ್ಯಾಯಕ್ಕೆ ಬಾಗಿಲಾದೀತೆಂದು ನಮ್ಮ ಭಯ.

ನಮ್ಮ ಅಭಿಪ್ರಾಯವು ಸ್ಪಷ್ಟವಾಗಿದೆ. ನಳವನ್ನು ಪೂರ್ತಿಯಾಗಿ ತೆಗೆಯಬೇಕು. ವೆಚ್ಚವನ್ನು ಎಲ್ಲರೂ ಕೂಡಿ ಹೊರಬೇಕು. ಅರ್ಜಿ ಹಾಕಿದವರಿಂದಲ್ಲ, ಎಳೆಯ ಮಕ್ಕಳು ಹೆಚ್ಚಾಗಿರುವ ಬಡವರ ಕೇರಿಗಳಿಂದ ಆರಂಭಿಸಬೇಕು. ನಮ್ಮ ಊರುಗಳಲ್ಲಿಯೂ ಬೀದಿಯ ಕೊಳವೆ ಒಬ್ಬರದು, ಮನೆಯ ನಳ ಮತ್ತೊಬ್ಬರದು ಎಂಬ ಗೆರೆಯಿರುವುದನ್ನು ಬಲ್ಲ ನಮ್ಮ ಪುರಪ್ರಮುಖರೂ ಅಧಿಕಾರಿಗಳೂ ಇದನ್ನು ಪರರ ಸಮಾಚಾರವೆಂದು ಬದಿಗಿರಿಸಲಾರರೆಂದು ನಂಬುತ್ತೇವೆ. ಆ ಗೆರೆಯು ಲೆಕ್ಕದ ಪುಸ್ತಕದಲ್ಲಿರಬಹುದು. ನೀರು ಅದನ್ನರಿಯದು, ನೀರನ್ನು ಕುಡಿಯುವ ಮಗುವೂ ಅರಿಯದು.