ಅಂಗಡಿ ಮುಂದಿನ ಫುಟ್‌ಪಾತ್ ಯಾರದ್ದು? ಕಾನೂನು ಹೇಳೋದೇನು?

'ಅಂಗಡಿ ನಮ್ಮದು, ಮುಂದಿನ ಜಾಗವೂ ನಮ್ಮದೇ' ಎಂದು ಅನೇಕ ವರ್ತಕರು ಅಂದುಕೊಂಡಿದ್ದಾರೆ. ಕಾನೂನು ಹಾಗೆ ಹೇಳಲ್ಲ.

ತಾಲ್ಲೂಕು ಕೇಂದ್ರಗಳಲ್ಲಿ ಫುಟ್‌ಪಾತ್ ಅಂದ್ರೆ ಬಹುತೇಕ ಚರಂಡಿ ಮೇಲೆ ಹಾಸಿದ ಚಪ್ಪಡಿ. ಅಲ್ಲೇ ಅಂಗಡಿಯ ಸಾಮಾನು, ಬೋರ್ಡ್, ಹೂವಿನ ಬುಟ್ಟಿ, ತಳ್ಳುಗಾಡಿ, ನಿಲ್ಲಿಸಿದ ಬೈಕು. ಕೊನೆಗೆ ವಯಸ್ಸಾದವರು, ಶಾಲೆ ಮಕ್ಕಳು ಬಸ್ಸು-ಲಾರಿಗಳ ನಡುವೆ ರಸ್ತೆಗಿಳಿಯಬೇಕು.

ನಡೆಯೋರ ಹಕ್ಕು

ಅಡೆತಡೆ ಇಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಅಂಗವಿಕಲರಿಗೂ ಅನುಕೂಲವಾಗುವಂತೆ ಅದು ಇರಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾರ್ಗಸೂಚಿ ಪ್ರಕಾರ ನಡೆಯಲು ಕನಿಷ್ಠ 1.8 ಮೀಟರ್, ಅಂದ್ರೆ ಸುಮಾರು 6 ಅಡಿ ಖಾಲಿ ಜಾಗ ಬೇಕು.

ಮಾರೋರ ಹಕ್ಕು

ಹಾಗಂತ ತಳ್ಳುಗಾಡಿಯವರನ್ನ ಏಕಾಏಕಿ ಎತ್ತಿಸೋ ಹಾಗಿಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಮೊದಲು ಸಮೀಕ್ಷೆ ನಡೆಸಿ ಪ್ರಮಾಣಪತ್ರ ಕೊಡಬೇಕು. ಸ್ಥಳಾಂತರಕ್ಕೆ 30 ದಿನಗಳ ನೋಟಿಸ್ ಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು.

ಆದರೆ ಕಟ್ಟಡದ ಅಂಗಡಿಯವರು ಸಾಮಾನು ಹೊರಗೆ ಹರಡೋದಕ್ಕೆ ಈ ಕಾಯ್ದೆಯಲ್ಲಿ ರಕ್ಷಣೆ ಇಲ್ಲ.

ಬರೀ ದಾರಿಯಲ್ಲ

ಫುಟ್‌ಪಾತ್ ಪೂರ್ತಿ ಖಾಲಿ ಮಾಡಿದ್ರೂ ಊರಿಗೆ ನಷ್ಟವೇ. ಅಮೆರಿಕದ ಲೇಖಕಿ ಜೇನ್ ಜೇಕಬ್ಸ್ 1961ರ ಪುಸ್ತಕದಲ್ಲಿ ನ್ಯೂಯಾರ್ಕಿನ ತಮ್ಮ ಬೀದಿಯ ಬಗ್ಗೆ ಬರೆದಿದ್ದರು. ಅಲ್ಲಿನ ಜನ ಮನೆ ಬೀಗದ ಕೈಯನ್ನ ಪಕ್ಕದ ಅಂಗಡಿಯಲ್ಲೇ ಬಿಟ್ಟು ಹೋಗುತ್ತಿದ್ದರು. ಬೀದಿಯನ್ನ ಕಾಯೋದು ಪೊಲೀಸರಿಗಿಂತ ಹೆಚ್ಚಾಗಿ ಅಂಗಡಿಯವರ, ಓಡಾಡೋರ ಕಣ್ಣು ಅನ್ನೋದು ಅವರ ವಾದ. ನಮ್ಮೂರುಗಳಲ್ಲೂ ಅಷ್ಟೇ. ರಾತ್ರಿ ಬಸ್ಸಿಳಿದ ಹೆಣ್ಮಕ್ಕಳಿಗೆ ಹೂವಿನವರ, ಟೀ ಅಂಗಡಿಯವರ ದೀಪವೇ ಧೈರ್ಯ.

ಏನು ಮಾಡಬಹುದು?

ಮೊದಲು ನಡೆಯೋ ಜಾಗಕ್ಕೆ ಗೆರೆ ಎಳೆಯಬೇಕು, ಉಳಿದದ್ದರಲ್ಲಿ ಬುಟ್ಟಿ, ಗಾಡಿಗೆ ಜಾಗ ಗುರುತಿಸಬೇಕು. ಅಂಗಡಿ ಸಾಮಾನು ಶೆಟರ್ ಒಳಗಿರಬೇಕು. ವ್ಯಾಪಾರಿಗಳ ಸಮೀಕ್ಷೆ ಆಗಿದೆಯಾ, ಸಮಿತಿ ಸಭೆ ಸೇರ್ತಿದೆಯಾ ಎಂದು ಪುರಸಭೆಯಲ್ಲಿ ಲಿಖಿತವಾಗಿ ಕೇಳಬಹುದು. ಅಂಗಡಿಯವರಿಗೂ ಇದರಲ್ಲಿ ಲಾಭ ಇದೆ: ಆರಾಮಾಗಿ ನಡೆದು ಬರೋ ಗಿರಾಕಿಯೇ ನಿಂತು ನೋಡಿ ಕೊಳ್ಳೋದು.