ಯಾರ ಕೆಲಸ ಮೈಗೆ ಹೆಚ್ಚು ಭಾರ? ಅಳೆದು ನೋಡಿ!

‘ಕೂತು ಕೆಲಸ ಮಾಡೋರಿಗೆ ಎಂಥ ಸುಸ್ತು?’ ಈ ಮಾತು ನಮ್ಮನೇಲಿ ವಾರಕ್ಕೊಮ್ಮೆಯಾದರೂ ಬರುತ್ತೆ. ಅಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ಸೋದರಮಾವ ಎಪಿಎಂಸಿ ಯಾರ್ಡ್‌ನಲ್ಲಿ ಹಮಾಲಿ ಕೆಲಸ ಮಾಡ್ತಾರೆ, ನಾನು ಲ್ಯಾಪ್‌ಟಾಪ್ ಮುಂದೆ. ಮೂರೂ ಕೆಲಸಗಳನ್ನು ಅಳೆಯೋಕೆ ಬೇರೆ ಬೇರೆ ವಿಧಾನಗಳಿವೆ.

ಭಂಗಿಗೆ ಅಂಕ

1970ರ ದಶಕದಲ್ಲಿ ಫಿನ್ಲೆಂಡ್‌ನ ಒವಾಕೊ ಉಕ್ಕು ಕಂಪನಿಯಲ್ಲಿ ‘ಓವಾಸ್’ ವಿಧಾನ ರೂಪುಗೊಂಡಿತು. ಬೆನ್ನಿಗೆ 4, ತೋಳಿಗೆ 3, ಕಾಲಿಗೆ 7 ಭಂಗಿಗಳು. ಜೊತೆಗೆ ಎತ್ತುವ ಭಾರ. ಆಗಾಗ ಗಮನಿಸಿ ಗುರುತು ಹಾಕಿಕೊಂಡರೆ, ‘ತೊಂದರೆಯಿಲ್ಲ’ದಿಂದ ‘ಈಗಲೇ ಬದಲಿಸಿ’ವರೆಗೆ 4 ಹಂತಗಳಲ್ಲಿ ಉತ್ತರ ಸಿಗುತ್ತೆ.

ಕುತ್ತಿಗೆ, ಭುಜ, ಮಣಿಕಟ್ಟಿನ ಕೆಲಸಕ್ಕೆ 1993ರಲ್ಲಿ ಬಂದ ‘ರೂಲಾ’ ಇದೆ. ಇದರಲ್ಲಿ 1ರಿಂದ 7 ಅಂಕ, ಜಾಸ್ತಿಯಾದಷ್ಟೂ ಅಪಾಯ. ಅಲ್ಲಾಡದೆ ಒಂದೇ ಭಂಗಿಯಲ್ಲಿದ್ದರೂ ಅಂಕ ಏರುತ್ತೆ. ಕೂತವರಿಗೂ ಸುಸ್ತಾಗೋದು ಇದಕ್ಕೇ.

ಅಮ್ಮ ಹೊಲಿಯುವಾಗ ಪಕ್ಕದಿಂದ ವಿಡಿಯೋ ಮಾಡಿ ಲೆಕ್ಕ ಹಾಕಿದೆ. ಕುತ್ತಿಗೆ, ಬೆನ್ನು ಎರಡೂ 20 ಡಿಗ್ರಿಗಿಂತ ಹೆಚ್ಚು ಬಾಗಿದ್ದವು. ಅಂಕ 5, ಅಂದ್ರೆ ಬೇಗ ಬದಲಾವಣೆ ಬೇಕು. ನನ್ನದು 4. ಮೆಷಿನ್ ಕೆಳಗೆ ಮಣೆ ಇಟ್ಟ ಮೇಲೆ ಅಮ್ಮನ ಬೆನ್ನು ನೆಟ್ಟಗಾಗಿ ಅವರದ್ದೂ 4ಕ್ಕೆ ಇಳೀತು.

ಮಾವನ ಮೂಟೆ

ಅಮೆರಿಕದ ನಿಯೋಶ್ ಸಂಸ್ಥೆಯ ಸೂತ್ರದ ಪ್ರಕಾರ, ಎಲ್ಲ ಅನುಕೂಲವಿದ್ದಾಗಲೂ ಎತ್ತುವ ಭಾರದ ಮಿತಿ 23 ಕೆ.ಜಿ. ಮೈಯಿಂದ ದೂರ ಹಿಡಿದರೆ, ಸೊಂಟ ತಿರುಗಿಸಿದರೆ, ಪದೇ ಪದೇ ಎತ್ತಿದರೆ ಮಿತಿ ಇನ್ನೂ ಕಡಿಮೆ. ಮಾವ ಹೊರೋದು 50 ಕೆ.ಜಿ. ಮೂಟೆ.

ಶ್ರಮ ಅಳೆಯಲು ಸ್ವೀಡನ್‌ನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ 6ರಿಂದ 20ರವರೆಗಿನ ಮಾಪಕ ಕೊಟ್ಟರು. ಕೆಲಸಗಾರರೇ ಹೇಳಿದ ಅಂಕಿಯನ್ನು 10ರಿಂದ ಗುಣಿಸಿದರೆ ಹೆಚ್ಚುಕಮ್ಮಿ ನಾಡಿ ಬಡಿತ ಸಿಗುತ್ತೆ. ಮಾವ ಹೇಳಿದ್ದು 17: ‘ತುಂಬಾ ಕಷ್ಟ’.

ಸೊಂಟ ನೋವಿಗೆ ಮಾವ ಕೊಡುವ ಕಾರಣ ಒಂದೇ: ‘ವಯಸ್ಸಾಯ್ತಲ್ಲಪ್ಪ.’ ಅವರಿಗೆ ಮಣೆ ಇಟ್ಟು ಪ್ರಯೋಜನವಿಲ್ಲ. ಮೂಟೆ ಲೆಕ್ಕದಲ್ಲಿ ಕೂಲಿ, ಮೂಟೆಯ ತೂಕ ನಿರ್ಧರಿಸೋರು ಬೇರೆಯವರು. ಚಿಕ್ಕ ಮೂಟೆ, ತಳ್ಳುಗಾಡಿ, ನಡುವೆ ವಿಶ್ರಾಂತಿ ಕೇಳೋಕೆ ‘ನೋವು’ ಅನ್ನೋದಕ್ಕಿಂತ ‘23ರ ಜಾಗದಲ್ಲಿ 50’ ಅನ್ನೋದು ಗಟ್ಟಿ ಮಾತು. ಆ ಎರಡು ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದೀನಿ. ಸಂಘದ ಸಭೆಗೆ ಒಯ್ಯುತ್ತಾರಂತೆ.

ನಿಮ್ಮ ಮನೆಯವರ ಕೆಲಸವನ್ನೂ ಒಮ್ಮೆ ಪಕ್ಕದಿಂದ ವಿಡಿಯೋ ಮಾಡಿ ನೋಡಿ. ಯಾರ ಅಂಕ ಎಷ್ಟು ಬಂತು, ನಮಗೂ ಬರೆಯಿರಿ.